ಮಾವನನ್ನು ಹತ್ತಿಸಿಕೊಳ್ಳದ ಗಾಡಿ

ಮಸ್ಕಿ
೧೨ ಸೆಪ್ಟೆಂಬರ್ ೧೯೫೪

ಮಗಳು ಶೇಖರಮ್ಮನಿಗೆ,

ನಿನ್ನ ಅಪ್ಪ ಅಮರಗುಂಡಪ್ಪ ಬರೆಯುವುದು. ನಿನಗೂ ನಿನ್ನ ಹೊಟ್ಟೆಯಲ್ಲಿರುವ ಕೂಸಿಗೂ ಮಲ್ಲಯ್ಯ ಒಳ್ಳೆಯದು ಮಾಡಲಿ. ಆಶೀರ್ವಾದ ಇಲ್ಲಿಗೆ ಮುಗಿಯಿತು, ಮುಂದಿನದೆಲ್ಲ ಬೈಗುಳ. ಅದು ನಿನಗಲ್ಲ, ನಿನ್ನ ಗಂಡನಿಗೆ. ಒಂದು ಅಕ್ಷರ ಬಿಡದೆ ಓದಿ ಹೇಳು.

ಬಾಯಿರುಚಿ ಕೆಟ್ಟಿದೆ, ಕ್ಯಾಂಪಿನ ನೀರು ಒಗ್ಗುತ್ತಿಲ್ಲ ಎಂದು ಬರೆದಿದ್ದೆಯಲ್ಲ. ನಿನ್ನ ಅವ್ವ ಅಂದಿನಿಂದ ನನ್ನನ್ನು ಕೂಡಲು ಬಿಡಲಿಲ್ಲ. ಮೊನ್ನೆ ಬೆಳಗಿನ ಜಾವ ಎದ್ದು ಸಜ್ಜೆ ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಮಾಡಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ ಎಲ್ಲ ಕಟ್ಟಿ ಬಯಕೆಯ ಬುತ್ತಿಯನ್ನು ನನ್ನ ಹೆಗಲಿಗೇರಿಸಿದಳು. ನಾನು ಒಗೆದ ಧೋತರ ಉಟ್ಟು, ಹೊಸ ರುಮಾಲು ಸುತ್ತಿ, ಅಂಗಡಿಗೆ ಕೀಲಿ ಹಾಕಿ ರಸ್ತೆಗೆ ಬಂದೆ. ಸಿಂಧನೂರಿನ ಬಸ್ಸು ಬರಲೇ ಇಲ್ಲ. ಲಿಂಗಸುಗೂರಿನಲ್ಲಿ ಕೆಟ್ಟು ನಿಂತಿದೆ ಎಂದರು. ಬಿಸಿಲು ಏರಿತು. ಬಾಜೂ ಅಂಗಡಿಯ ಕರಿಬಸಯ್ಯ, "ಬಸ್ಸು ಯಾಕ ಬೇಕೋ ಮಾರಾಯ, ನಿನ್ನ ಅಳಿಯಾನ ಗಾಡಿ ಬರತೈತಲ್ಲ, ದೊರಿ ಕೂತಂಗ ಕೂತು ಹೋಗು" ಎಂದ. ನನಗೂ ಹೌದೆನ್ನಿಸಿತು.

ಗಾಡಿ ಬಂತು, ಮುಂದೆ ಕೆಂಪು ಬಾವುಟ ಕಟ್ಟಿಕೊಂಡು. ನಾನು ರಸ್ತೆಯ ನಡುವೆಯೇ ಹೋಗಿ ಕೈ ಮಾಡಿದೆ. ನಿನ್ನ ಗಂಡ ನೋಡಿದ. ನೋಡಿಲ್ಲ ಎಂದು ಅವನು ಹೇಳುವಂತಿಲ್ಲ, ಕಣ್ಣಿಗೆ ಕಣ್ಣು ಕೂಡಿತ್ತು. ಗಾಡಿ ಸಾವಕಾಶವಾಯಿತು, ನಾನು ಬುತ್ತಿ ಎತ್ತಿಕೊಂಡು ಅದರ ಕಡೆ ಓಡಿದೆ. ಆಗ ಅವನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಬೆಳೆಗೆ ನುಗ್ಗಿದ ದನ ಹೊಡೆಯುವ ಹಾಗೆ ಕೈ ಬೀಸಿ, "ಸರೀರಿ, ದೂರ ಸರೀರಿ" ಎಂದ. ಮಾವ ಎಂಬ ಒಂದು ಮಾತಿಲ್ಲ. ನಾನು ಪಕ್ಕಕ್ಕೆ ಸರಿದದ್ದೇ ತಡ, ಹೋಗಿಯೇ ಬಿಟ್ಟ. ಧೂಳೆಲ್ಲ ನನ್ನ ರುಮಾಲಿಗೆ ಮತ್ತು ಬುತ್ತಿಗೆ.

ಕರಿಬಸಯ್ಯ ಕಟ್ಟೆಯ ಮೇಲೆ ಬಿದ್ದು ಬಿದ್ದು ನಕ್ಕ. "ಅಳಿಯಾ ಬುತ್ತಿ ಬ್ಯಾಡ ಅಂದಾನೋ, ಮಾವ ಬ್ಯಾಡ ಅಂದಾನೋ?" ಎಂದು ಕೇಳಿದ. ಅಲ್ಲಿದ್ದವರೆಲ್ಲ ನಕ್ಕರು. ಡ್ರೈವರನಿಗೆ ಮಗಳನ್ನು ಕೊಟ್ಟೆ ಎಂದು ಆಡಿಕೊಂಡ ಇದೇ ಜನಕ್ಕೆ, "ಮದ್ದಿನ ಗಾಡಿ ಲೈಸನ್ಸು ಕಂಡಕಂಡವರಿಗೆ ಸಿಗಂಗಿಲ್ಲ" ಎಂದು ಎದೆಯುಬ್ಬಿಸಿ ಹೇಳಿದವನು ನಾನು. ನನ್ನ ಇಜ್ಜತ್ತನ್ನು ಅವನು ನನ್ನ ಅಂಗಡಿಯ ಮುಂದೆಯೇ ಮಣ್ಣುಪಾಲು ಮಾಡಿದ.

ಮಲ್ಲಯ್ಯನ ಗುಡ್ಡದ ಕಡೆ ಮುಖ ಮಾಡಿ ಆಣೆ ಇಟ್ಟಿದ್ದೇನೆ. ನಿನ್ನ ಗಂಡ ಇದೇ ಕಟ್ಟೆಗೆ ಬಂದು ಎಲ್ಲರ ಮುಂದೆ ತಪ್ಪಾಯಿತು ಎನ್ನುವ ತನಕ ನಾನು ಸೀಮಂತಕ್ಕೆ ಕುಬಸ ತರುವುದಿಲ್ಲ, ಹೆರಿಗೆಗೆ ನಿನ್ನನ್ನು ಕರೆಯಲೂ ಬರುವುದಿಲ್ಲ.

ಬುತ್ತಿಯನ್ನು ಇಲ್ಲಿ ಯಾರೂ ಮುಟ್ಟಲಿಲ್ಲ. ನಿನ್ನ ಅವ್ವ ಅತ್ತಳು.

ಸಿಟ್ಟಿನಲ್ಲಿರುವ ನಿನ್ನ ಅಪ್ಪ,
ಅಮರಗುಂಡಪ್ಪ

•

ಗೊರೇಬಾಳ ಕ್ಯಾಂಪ್, ಸಿಂಧನೂರು
೨೦ ಸೆಪ್ಟೆಂಬರ್ ೧೯೫೪

ಅಪ್ಪಗೆ ಶೇಖರಮ್ಮನ ಶರಣು.

ನೀವು ಹೇಳಿದ ಹಾಗೆಯೇ ಇವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ಇನ್ನೊಮ್ಮೆ ಓದು ಎಂದರು. ಎರಡನೆಯ ಸಲ ಓದುವಾಗ, ಬುತ್ತಿಯ ಮಾತು ಬಂದಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಎಣ್ಣೆಗಾಯಿಗೋ ನಿಮಗೋ ಎಂದು ಕೇಳಬೇಡಿ, ಎರಡಕ್ಕೂ.

ಅಪ್ಪ, ಅವತ್ತು ಗಾಡಿಯ ತುಂಬ ಇದ್ದದ್ದು ಸಿಡಿಮದ್ದು. ಕಾಲುವೆಗೆ ಅಡ್ಡ ಬಂದ ಬಂಡೆ ಒಡೆಯಲು ಲಿಂಗಸುಗೂರಿನ ಊರಾಚೆಯ ಮದ್ದಿನ ಮನೆಯಿಂದ ಇಲ್ಲಿಗೆ ತರುತ್ತಾರೆ. ಲಾರಿ ನಡೆಸುವ ಲೈಸನ್ಸು ಇದ್ದರೆ ಅದಕ್ಕೆ ಸಾಲದು, ಅದರ ಮೇಲೆ ಬೇರೆ ಮೊಹರು ಬೀಳಬೇಕು. ಮೊದಲು ವರ್ಷಗಟ್ಟಲೆ ದೊಡ್ಡ ಗಾಡಿಯನ್ನು ತಪ್ಪಿಲ್ಲದೆ ನಡೆಸಿರಬೇಕು. ದವಾಖಾನೆಯಲ್ಲಿ ಕಣ್ಣು ಕಿವಿ ತೋರಿಸಿ ಚೀಟಿ ತರಬೇಕು. ಆಮೇಲೆ ರಾಯಚೂರಿನ ಸಾಹೇಬರು ಲಿಂಗಸುಗೂರಿನ ಬಂಗಲೆಗೆ ಬಂದಾಗ ಅವರ ಮುಂದೆ ನಿಂತು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಗಾಡಿಯಲ್ಲಿ ಬೀಡಿ, ಕಡ್ಡಿಪೆಟ್ಟಿಗೆ ಇರಕೂಡದು, ಊರೊಳಗೆ ನಿಲ್ಲಿಸಕೂಡದು. ಡ್ರೈವರು, ಕ್ಲೀನರು ಬಿಟ್ಟರೆ ಮೂರನೆಯವರು ಹತ್ತಕೂಡದು. ಹತ್ತಿದರೆ ಮೊಹರು ಹೋಯಿತು.

ಈ ಮಾತು ಹೇಳಿದರೆ ನೀವು ಮತ್ತಷ್ಟು ಸಿಟ್ಟಾಗುತ್ತೀರಿ, ಆದರೂ ಹೇಳುತ್ತೇನೆ. ಪರೀಕ್ಷೆಯ ದಿನ ಸಾಹೇಬರು ಕಡೆಯ ಪ್ರಶ್ನೆಯಾಗಿ, ದಾರಿಯಲ್ಲಿ ನಿನ್ನ ಮಾವನೇ ನಿಂತು ಕೈ ಮಾಡಿದರೆ ಏನು ಮಾಡುತ್ತೀ ಎಂದು ಕೇಳಿದರಂತೆ. ಇವರು, "ಆಮ್ಯಾಲೆ ಬೈಸ್ಕೋತೀನ್ರಿ ಸಾಹೇಬ್ರ, ಹತ್ತಿಸ್ಕೊಳ್ಳಂಗಿಲ್ರಿ" ಎಂದರಂತೆ. ಎಲ್ಲರೂ ನಕ್ಕರಂತೆ, ಸಾಹೇಬರು ಮೊಹರು ಒತ್ತಿದರಂತೆ. ಮನೆಗೆ ಬಂದು ಹೇಳಿದಾಗ ನಾನೂ ನಕ್ಕಿದ್ದೆ, ನನ್ನ ಅಪ್ಪ ಬಯ್ಯುವುದನ್ನು ನೀವು ಇನ್ನೂ ಕೇಳಿಲ್ಲ ಎಂದಿದ್ದೆ. ಈಗ ಕೇಳಿದಂತಾಯಿತು.

ಇನ್ನೊಂದು ಕೇಳುತ್ತೇನೆ. ಅವತ್ತು ನಿಮ್ಮ ಬಾಯಲ್ಲಿ ಬೀಡಿ ಇತ್ತೇ? ಇವರು ಅದನ್ನು ಹೇಳಲಿಲ್ಲ. ಕ್ಲೀನರ್ ಅಮೀನ್‌ಸಾಬ್ ಹೇಳಿದ. "ಬೀಡಿ ಉರೀತಿತ್ತವ್ವಾ, ಹಂಗ ಗಾಡಿ ಕಡೆ ಓಡಿ ಬರಾಕತ್ತಿದ್ರು. ಊರು ದಾಟಿದ ಮ್ಯಾಲ ಡ್ರೈವರ್ ಗದ್ದೆಪ್ಪಣ್ಣ ಮಲ್ಲಯ್ಯನ ಗುಡ್ಡಕ್ಕ ಕೈ ಮುಗಿದ" ಎಂದ. ಇವರು ನಿಮ್ಮನ್ನು ಗಾಡಿಯಿಂದ ಓಡಿಸಿದ್ದಲ್ಲ ಅಪ್ಪ, ಗಾಡಿಯನ್ನು ನಿಮ್ಮಿಂದ ಓಡಿಸಿಕೊಂಡು ಹೋದದ್ದು.

ಮರುದಿನ ಖಾಲಿ ಗಾಡಿ ತೆಗೆದುಕೊಂಡು ಹೋಗುವಾಗ ನಿಮ್ಮ ಅಂಗಡಿಯ ಮುಂದೆ ನಿಲ್ಲಿಸಿದರಂತೆ. ನೀವು ಎದ್ದು ಒಳಗೆ ಹೋದಿರಂತೆ.

ಆಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಇಲ್ಲಿ ತಗಡಿನ ಮನೆ, ಅತ್ತೆ ಇಲ್ಲ, ಸೂಲಗಿತ್ತಿ ಬೇಕೆಂದರೆ ಸಿಂಧನೂರಿಗೆ ಹೋಗಬೇಕು. ಬಾಜೂ ಮನೆಯ ಮೈಮುನಾಬಿ ಧೈರ್ಯ ಹೇಳುತ್ತಾಳೆ, ಆದರೂ ನನಗೆ ಹೆದರಿಕೆಯಾಗುತ್ತದೆ. ನನಗೆ ಅವ್ವ ಬೇಕು.

ನಿಮ್ಮ ಹುಳಿ ನಾಲಿಗೆಯ ಮಗಳು,
ಶೇಖರಮ್ಮ

•

ಮಸ್ಕಿ
೯ ಅಕ್ಟೋಬರ್ ೧೯೫೪

ಶೇಖರಮ್ಮನಿಗೆ,

ಅಂಗಡಿಯ ಕಟ್ಟೆಯ ಮೇಲೆ ಕೂಡಿಸಿ ನಿನಗೆ ಅಕ್ಷರ ಕಲಿಸಿದವನು ನಾನೇ. ನನ್ನ ಮೇಲೆಯೇ ಪ್ರಯೋಗ ಮಾಡುತ್ತೀ ಎಂದು ಗೊತ್ತಿದ್ದರೆ ಕಾಗುಣಿತಕ್ಕೇ ನಿಲ್ಲಿಸುತ್ತಿದ್ದೆ.

ಬೀಡಿ ಇತ್ತು. ನನ್ನ ಬಾಯಿ, ನನ್ನ ಬೀಡಿ. "ಮಾವಾರ, ಬೀಡಿ ಆರಿಸ್ರಿ" ಎನ್ನಲು ಅವನಿಗೆ ಬಾಯಿರಲಿಲ್ಲವೇ? ಕಾನೂನು ಇರಬಹುದು. ಕಾನೂನು ಮಾಡಿದವರ ಮಾವಂದಿರು ಬಹುಶಃ ಮೋಟಾರಿನಲ್ಲಿ ಓಡಾಡುತ್ತಾರೆ. ಖಾಲಿ ಗಾಡಿ ನಿಲ್ಲಿಸಿದ್ದು ನಿಜ. ಆದರೆ ಇಳಿದು ನಿಂತು ನೆಲ ನೋಡುತ್ತಿದ್ದ, ಬಾಯಿ ಬಿಡಲಿಲ್ಲ. ನಾನೇ ಹೋಗಿ ಮಾತಾಡಿಸಬೇಕಿತ್ತೇನು?

ಕಟ್ಟೆಗೆ ಬಂದು ಒಂದು ಮಾತು ಹೇಳಲಿ. ಅಲ್ಲಿಯವರೆಗೆ ನನ್ನ ಆಣೆ ಆಣೆಯೇ.

ಬಸ್ಸಿನ ಕಂಡಕ್ಟರನ ಕೈಲಿ ಗುರೆಳ್ಳು ಚಟ್ನಿ, ತುಪ್ಪ, ಒಂದು ಕೌದಿ ಬಂದಿರುತ್ತದೆ. ಅವನ್ನು ಕಳಿಸಿದ್ದು ನಾನಲ್ಲ, ನಿನ್ನ ಅವ್ವ. ತುಪ್ಪವನ್ನು ಬಿಸಿ ಅನ್ನಕ್ಕೆ ಹಾಕಿಕೋ, ಚಳಿಗಾಲದಲ್ಲಿ ತಗಡು ತಣ್ಣಗಾಗುತ್ತದೆ, ಕೌದಿಯನ್ನು ಎರಡು ಮಡಿಕೆ ಮಾಡಿ ಹಾಸಿಕೋ.

ಅಪ್ಪ

•

ಗೊರೇಬಾಳ ಕ್ಯಾಂಪ್
೧೮ ಡಿಸೆಂಬರ್ ೧೯೫೪

ಅಪ್ಪಗೆ,

ಮಡಿಕೆಯ ಲೆಕ್ಕ ಬರೆಯುವವಳು ಅವ್ವನಲ್ಲ ಎಂದು ನನಗೆ ಗೊತ್ತು. ಕೌದಿ ಬೆಚ್ಚಗಿದೆ. ಕೂಸು ಒಳಗೆ ಒದೆಯುತ್ತದೆ, ನಿಮ್ಮದೇ ಸಿಟ್ಟು ಬಂದಿರಬೇಕು.

ನಿಮಗೆ ಬರೆಯಬೇಡ ಎಂದು ಇವರು ಹೇಳಿದ್ದಾರೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇನ್ನು ನಾವು ಈ ವಿಳಾಸದಲ್ಲಿ ಇರುತ್ತೇವೋ ಇಲ್ಲವೋ ತಿಳಿಯದು.

ಹೋದ ತಿಂಗಳು ಸಂತೆಕಲ್ಲೂರಿನ ಹತ್ತಿರ ಮದ್ದಿನ ಗಾಡಿಯೊಂದು ಹೊಂಡಕ್ಕೆ ಇಳಿದು ವಾಲಿತು. ಇವರದಲ್ಲ, ಬೇರೆಯವರದು. ಆ ಡ್ರೈವರು ಸಂತೆಗೆ ಹೊರಟವರನ್ನು ಮದ್ದಿನ ಪೆಟ್ಟಿಗೆಗಳ ಮೇಲೆಯೇ ಕೂಡಿಸಿಕೊಂಡಿದ್ದನಂತೆ. ಮಲ್ಲಯ್ಯನ ದಯೆ, ಮದ್ದು ಸಿಡಿಯಲಿಲ್ಲ. ಒಬ್ಬ ಹೆಣ್ಣುಮಗಳ ಕೈ ಮುರಿಯಿತು. ಅವಳ ಸೆರಗಿನಲ್ಲಿ ಒಲೆ ಹಚ್ಚಲು ಕಟ್ಟಿಕೊಂಡ ಕಡ್ಡಿಪೆಟ್ಟಿಗೆ ಇತ್ತಂತೆ. ಅದನ್ನು ಕೇಳಿದ ದಿನ ಇವರು ಊಟ ಬಿಟ್ಟರು.

ಸಾಹೇಬರು ಸಿಟ್ಟಾಗಿ ಮದ್ದಿನ ಗಾಡಿಯವರೆಲ್ಲರ ಲೈಸನ್ಸು ಕಸಿದುಕೊಂಡರು. ನೀವೆಲ್ಲ ಒಂದೇ ಜಾತಿ, ಎಲ್ಲರೂ ಮಂದಿ ಹೇರುತ್ತೀರಿ ಎಂದರಂತೆ. ಜನವರಿಯಲ್ಲಿ, ಸಂಕ್ರಮಣ ಕಳೆದ ಸೋಮವಾರ ಲಿಂಗಸುಗೂರಿನ ಬಂಗಲೆಯಲ್ಲಿ ವಿಚಾರಣೆ. ತಾನು ಯಾರನ್ನೂ ಹತ್ತಿಸಿಕೊಂಡಿಲ್ಲ ಎಂದು ಸಾಕ್ಷಿ ತಂದವರಿಗೆ ಮಾತ್ರ ವಾಪಸು. ಅಮೀನ್‌ಸಾಬನ ಮಾತು ನಡೆಯುವುದಿಲ್ಲ, ಅವನು ಅದೇ ಗಾಡಿಯವನು. ಹತ್ತಿದವರನ್ನು ಹುಡುಕಿದರೆ ಸಿಗುತ್ತಾರೆ, ಹತ್ತದವರನ್ನು ಎಲ್ಲಿಂದ ತರುವುದು ಎಂದು ಇವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ.

ಲೈಸನ್ಸು ಬರದಿದ್ದರೆ ಸೊಲ್ಲಾಪುರಕ್ಕೆ ಹೋಗುವುದು, ಅಲ್ಲಿಯ ಗಿರಣಿಯಲ್ಲಿ ಇವರ ಗುರುತಿನವರು ಇದ್ದಾರೆ. ಕೂಸು ಅಲ್ಲಿಯೇ ಹುಟ್ಟುತ್ತದೆ.

ಕಟ್ಟೆಗೆ ಬಂದು ತಪ್ಪಾಯಿತು ಎನ್ನಿ ಎಂದು ನಾನು ಇವರ ಕಾಲು ಹಿಡಿದೆ. ಇವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಮನ್ಯಾಗ ಮಾವಾರ ಕಾಲಿಗೆ ಬೇಕಾದಷ್ಟು ಸಲ ಬೀಳ್ತೀನಿ. ರಸ್ತೇದಾಗ ನಿಂತು ಅದು ತಪ್ಪು ಅಂದ್ರ, ನಾಳೆ ಇಡೀ ಮಸ್ಕಿ ಗಾಡಿ ಹತ್ತಾಕ ಬರತೈತಿ. ಒಬ್ಬನ ಕೈಯಾಗ ಬೀಡಿ ಇದ್ರೂ ಸಾಕು."

ಮತ್ತೇನೂ ಬರೆಯುವುದಿಲ್ಲ. ನೀವು ಬೀಡಿ ಕಡಿಮೆ ಮಾಡಿ, ಕೆಮ್ಮು ಹೆಚ್ಚಾಗಿದೆ ಎಂದು ಕಂಡಕ್ಟರು ಹೇಳಿದ.

ನಿಮ್ಮವಳೇ ಆದ
ಶೇಖರಮ್ಮ

•

ಮಸ್ಕಿ
೧೯ ಜನವರಿ ೧೯೫೫

ಮಗಳೇ ಶೇಖರಮ್ಮ,

ಲಿಂಗಸುಗೂರಿನಲ್ಲಿ ನಡೆದದ್ದನ್ನು ನಿನ್ನ ಗಂಡ ಹೇಳಿರುತ್ತಾನೆ. ಆದರೆ ಅವನಿಗೆ ಹೇಳಲು ಬರುವುದಿಲ್ಲ, ನಾಲ್ಕು ಮಾತಿನಲ್ಲಿ ಮುಗಿಸಿಬಿಟ್ಟಿರುತ್ತಾನೆ. ಸರಿಯಾಗಿ ನನ್ನಿಂದ ಕೇಳು.

ನಿನ್ನ ಪತ್ರ ಬಂದಾಗಿನಿಂದ ನನಗೆ ನಿದ್ದೆ ಇಲ್ಲ. ಬಾ ಎಂದು ನೀನು ಬರೆಯಲಿಲ್ಲ. ಬರೆದಿದ್ದರೆ ಬರುವುದಿಲ್ಲ ಎಂದು ಬರೆಯುತ್ತಿದ್ದೆ. ನಿನ್ನ ಅವ್ವ ಸೋಮವಾರ ಬೆಳಿಗ್ಗೆ ಒಗೆದ ಧೋತರವನ್ನು ತಂದು ಎದುರಿಗಿಟ್ಟಳು, ಅಷ್ಟೇ. ನೀವಿಬ್ಬರೂ ಕೂಡಿ ನನ್ನನ್ನು ಎಷ್ಟು ಚೆನ್ನಾಗಿ ಓದಿಕೊಂಡಿದ್ದೀರಿ.

ಹೊರಟವನು ಕರಿಬಸಯ್ಯನ ಅಂಗಡಿಗೆ ಹೋದೆ. "ಅವತ್ತು ನೀ ನಕ್ಕಿದ್ದು ಖರೇನೋ ಸುಳ್ಳೋ?" ಎಂದು ಕೇಳಿದೆ. ಖರೆ ಎಂದ. ಹಾಗಾದರೆ ನಡಿ, ಅದನ್ನೇ ಸಾಹೇಬರ ಮುಂದೆ ಹೇಳು ಎಂದು ಬಸ್ಸಿಗೆ ಹತ್ತಿಸಿದೆ.

ಬಂಗಲೆಯ ಅಂಗಳದಲ್ಲಿ ಡ್ರೈವರುಗಳೆಲ್ಲ ಸಾಲಾಗಿ ಕೂತಿದ್ದರು. ನಿನ್ನ ಗಂಡ ಒಂದು ಕಡೆ ಒಬ್ಬನೇ ನಿಂತಿದ್ದ, ಬಡವಾಗಿದ್ದಾನೆ. ನನ್ನನ್ನು ನೋಡಿ ಅವನ ಮುಖದ ಬಣ್ಣವೇ ಹೋಯಿತು. ದೂರು ಹೇಳಲು ಬಂದೆನೆಂದು ತಿಳಿದನೋ ಏನೋ. ಹೆಸರು ಕರೆದಾಗ ಸಾಹೇಬರು ಸಾಕ್ಷಿ ಯಾರು ಎಂದರು. ಅವನು ಯಾರೂ ಇಲ್ಲ ಎನ್ನುವಷ್ಟರಲ್ಲಿ ನಾನು ಎದ್ದು ನಿಂತೆ.

ಸಾಹೇಬರು ಹೈದರಾಬಾದಿನವರು, ಮುಪ್ಪಿನವರು, ಕನ್ನಡ ತಿಳಿಯುತ್ತದೆ. ನೀನು ಯಾರು ಎಂದರು. "ಇವನು ರಸ್ತೇದಾಗ ಬಿಟ್ಟು ಹೋದ ಮಾವ ನಾನ್ರಿ" ಎಂದೆ. ಅಂಗಳಕ್ಕೆ ಅಂಗಳವೇ ನಕ್ಕಿತು. ಶೇಖರಮ್ಮ, ನನ್ನ ಕಿವಿ ಬಿಸಿಯಾದವು. ಮಸ್ಕಿಯಲ್ಲಿ ನಾಲ್ಕು ಮಂದಿ ನಕ್ಕದ್ದಕ್ಕೆ ಆಣೆ ಇಟ್ಟವನು, ಅಲ್ಲಿ ತಾಲೂಕಿನ ಎದುರಿಗೇ ನಿಂತು ಎಲ್ಲ ಹೇಳಿದೆ. ರುಮಾಲು, ಬುತ್ತಿ, ಧೂಳು, ಬೀಡಿ, ಅವನು ಕೈ ಬೀಸಿದ್ದು, ಯಾವುದನ್ನೂ ಬಿಡಲಿಲ್ಲ. ಕರಿಬಸಯ್ಯ ತಾನು ನಕ್ಕದ್ದು ನಿಜ ಎಂದು ಗವಾಹಿ ಕೊಟ್ಟ. ನಿನಗೆ ಸಿಟ್ಟು ಬರಲಿಲ್ಲವೇ ಎಂದು ಸಾಹೇಬರು ಕೇಳಿದರು. "ಇನ್ನೂ ಐತ್ರಿ ಸಾಹೇಬ್ರ. ಆದ್ರ ಸ್ವಂತ ಮಾವನ್ನ ಹತ್ತಿಸ್ಕೊಳ್ಳದವ ಮಂದೀನ್ನ ಹತ್ತಿಸ್ಕೊಂತಾನೇನ್ರಿ?" ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮಾವನ ಪ್ರಶ್ನೆಯನ್ನು ಪರೀಕ್ಷೆಯ ದಿನ ಇವನಿಗೆ ತಮಾಷೆಗೆ ಕೇಳಿದ್ದೆ, ಉತ್ತರ ಇಷ್ಟು ದೂರ ನಡೆದುಕೊಂಡು ಬರುತ್ತದೆಂದು ತಿಳಿದಿರಲಿಲ್ಲ ಎಂದು ಹೇಳಿ ಲೈಸನ್ಸು ಕೊಟ್ಟುಬಿಟ್ಟರು.

ಹೊರಗೆ ಬಂದ ಮೇಲೆ ನಿನ್ನ ಗಂಡ ನನ್ನ ಕಾಲಿಗೆ ಬಗ್ಗಿದ. ಎಬ್ಬಿಸಿದೆ. ಅವನ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲಿಯೂ ಇತ್ತು ಎಂದು ಕರಿಬಸಯ್ಯ ಊರೆಲ್ಲ ಹೇಳುತ್ತಿದ್ದಾನೆ. ಕಟ್ಟೆಗೆ ಬಂದು ತಪ್ಪಾಯಿತು ಎನ್ನುತ್ತೇನೆ, ಮನೆಯವಳನ್ನು ಕರೆದುಕೊಂಡು ಹೋಗಿ ಎಂದ. ಬೇಡ ಎಂದೆ. ಅವನು ಕಟ್ಟೆಯ ಮೇಲೆ ಅದನ್ನು ಹೇಳಿದರೆ ನಾನು ಬಂಗಲೆಯಲ್ಲಿ ಹೇಳಿದ್ದು ಸುಳ್ಳಾಗುತ್ತದೆ. ಮಲ್ಲಯ್ಯನಿಗೆ ಒಂದು ಕಾಯಿ ಒಡೆಸಿ ಆಣೆ ಬಿಡಿಸಿಕೊಂಡಿದ್ದೇನೆ.

ಏಳನೆಯ ತಿಂಗಳಲ್ಲಿ ಆಗದ ಕುಬಸ ಒಂಬತ್ತರಲ್ಲಿಯೂ ನಡೆಯುತ್ತದೆ. ನಿನ್ನ ಅವ್ವ ಹಸಿರು ಸೀರೆ ತಂದಿದ್ದಾಳೆ. ಮುಂದಿನ ತಿಂಗಳು ಎಲ್ಲರೂ ಬರುತ್ತೇವೆ, ಬಸ್ಸಿನಲ್ಲಿ. ಬರುವಾಗ ನೀನು ನಮ್ಮ ಜೊತೆ.

ಇನ್ನೂ ಸ್ವಲ್ಪ ಸಿಟ್ಟಿರುವ
ಅಪ್ಪ

•

ಮಸ್ಕಿ
೨೪ ಮಾರ್ಚ್ ೧೯೫೫

ಅಳಿಯಂದಿರಾದ ಗದ್ದೆಪ್ಪನವರಿಗೆ,

ನಿಮಗೆ ನಾನು ಬರೆಯುವ ಮೊದಲ ಪತ್ರ ಇದು. ಈವರೆಗೆ ಎಲ್ಲವನ್ನೂ ಮಗಳ ಮುಖಾಂತರ ಬೈದಿದ್ದೆ.

ಶೇಖರಮ್ಮ ಕ್ಷೇಮ. ಮಂಗಳವಾರ ಹೆರಿಗೆಯಾಯಿತು. ನೀವು ಆಗ ಲಿಂಗಸುಗೂರಿನಲ್ಲಿ ಮದ್ದಿನ ಮನೆಯ ಮುಂದೆ ಸರದಿಗೆ ಕಾಯುತ್ತಿದ್ದಿರಿ. ಬಹಳ ಹೊತ್ತು ನೋವು ತಿಂದಳು. ಹೊರಗೆ ಕಟ್ಟೆಯ ಮೇಲೆ ಕೂತ ನನಗೆ ಜೀವ ಕೈಯಲ್ಲಿತ್ತು. ಈಗ ಎದ್ದು ಕೂತು, ಅಂಟಿನುಂಡಿ ಸಾಕು ಎಂದು ಅವ್ವನ ಜೊತೆ ಜಗಳವಾಡುತ್ತಿದ್ದಾಳೆ.

ನಿಮಗೆ ಸುದ್ದಿ ಕಳಿಸಬೇಕು ಎನ್ನುವಷ್ಟರಲ್ಲಿ ನಿನ್ನೆ ಇಳಿಹೊತ್ತಿಗೆ ದೂರದಲ್ಲಿ ನಿಮ್ಮ ಗಾಡಿಯ ಹಾರ್ನು ಕೇಳಿಸಿತು. ಅದನ್ನು ಗುರುತಿಸಿದವಳು ಅವಳೇ. "ಅಪ್ಪಾ, ತುಂಬಿದ ಗಾಡಿ ಐತಿ, ನಿಲ್ಸಂಗಿಲ್ಲ. ಕೂಸಿನ ಮಾರಿ ನೋಡದ ಹೋಗ್ತಾರ" ಎಂದಳು. ಅವಳ ದನಿ ಕೇಳಿ ನನಗೆ ತಡೆಯಲಾಗಲಿಲ್ಲ. ಹಸುಗೂಸನ್ನು ಹೊಸ್ತಿಲು ದಾಟಿಸುವಂತಿಲ್ಲ ಎಂದು ನಿಮ್ಮ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ಕೆನ್ನೆಗೆ ಕಾಡಿಗೆಯ ಬೊಟ್ಟು ಇಟ್ಟು, ಕೌದಿಯಲ್ಲಿ ಸುತ್ತಿ ಕೊಡು ಎಂದೆ. ಬೈಯುತ್ತಲೇ ಸುತ್ತಿ ಕೊಟ್ಟಳು.

ಬೀಡಿಯ ಕಟ್ಟು, ಕಡ್ಡಿಪೆಟ್ಟಿಗೆ ಎರಡನ್ನೂ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಬಿಟ್ಟು ಹೋದೆ. ರಸ್ತೆಗೆ ಬರಲಿಲ್ಲ, ಆಚೆಯ ಹೊಲದ ಒಡ್ಡನ್ನು ಹತ್ತಿ ನಿಂತೆ, ನೀವು ಅವತ್ತು ಸರೀರಿ ಎಂದದ್ದಕ್ಕಿಂತ ಎಷ್ಟೋ ದೂರ. ನೋಡಲು ಓಡಿ ಬಂದವರನ್ನು ಕರಿಬಸಯ್ಯ ಕಟ್ಟೆಯ ಮೇಲೆಯೇ ತಡೆದು ನಿಲ್ಲಿಸಿದ್ದ. ಗಾಡಿ ಬಂದಾಗ ಕೂಸನ್ನು ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿ ಹಿಡಿದೆ. ನೀವು ನೋಡಿದಿರಿ. ಗಾಡಿ ಸಾವಕಾಶವಾಯಿತು, ಎಲ್ಲಿ ನಿಲ್ಲಿಸಿಬಿಡುತ್ತೀರೋ ಎಂದು ನನಗೆ ಹೆದರಿಕೆಯಾಯಿತು. ಕೂಸನ್ನು ಎದೆಗೆ ಅವಚಿಕೊಂಡು ಇನ್ನೊಂದು ಕೈಯನ್ನು ಬೀಸಿ, ಹೋಗ್ರಿ ಹೋಗ್ರಿ ಎಂದು ಕೂಗಿದೆ. ನೀವು ಹೋದಿರಿ. ಕಿಟಕಿಯಿಂದ ಹೊರಗೆ ಚಾಚಿದ ನಿಮ್ಮ ಕೈ ಬಹಳ ದೂರದ ತನಕ ಕಾಣುತ್ತಿತ್ತು. ಮನೆಗೆ ಬಂದು ಶೇಖರಮ್ಮನಿಗೆ ಅದನ್ನು ಹೇಳಿದೆ, ಅತ್ತಳು, ಆಮೇಲೆ ನಕ್ಕಳು.

ಇನ್ನೊಂದು ಮಾತನ್ನೂ ಕೂಗಿ ಹೇಳಿದ್ದೆ, ಇಂಜಿನ್ನಿನ ಸಪ್ಪಳದಲ್ಲಿ ನಿಮಗೆ ಕೇಳಿಸಿರಲಿಕ್ಕಿಲ್ಲ. ಅದಕ್ಕೇ ಈ ಪತ್ರ. ಕೂಸು ಹೆಣ್ಣು. ಮೂಗು ನಿಮ್ಮದು, ಸಿಟ್ಟು ನನ್ನದು.

ಖಾಲಿ ಗಾಡಿಯಲ್ಲಿ ಬರುವಾಗ ಅಂಗಡಿಯ ಮುಂದೆ ನಿಲ್ಲಿಸಿ, ನಾನು ಒಳಗೆ ಎದ್ದು ಹೋಗುವುದಿಲ್ಲ.

ಹಿರಿಯನಾಗಿ ನಿಮಗೆ ಏನಾದರೂ ಹರಸಬೇಕಲ್ಲ. ಇವಳು ಬೆಳೆದು ದೊಡ್ಡವಳಾಗಲಿ. ಒಂದು ದಿನ ನೀವೂ ಒಗೆದ ಧೋತರ ಉಟ್ಟು, ಹೆಗಲಿಗೆ ಬುತ್ತಿ ಹಾಕಿಕೊಂಡು ಇವಳ ಮನೆಗೆ ಹೊರಡಿರಿ. ಆಗ ನಿಮ್ಮನ್ನೂ ರಸ್ತೆಯಲ್ಲಿ ಬಿಟ್ಟು ಹೋಗುವಂಥ ಅಳಿಯ ನಿಮಗೆ ಸಿಗಲಿ.

ನಿಮ್ಮ ಮಾವ,
ಅಮರಗುಂಡಪ್ಪ